ಗೇರ್ ಆಯಿಲೂ ಮೊಗ್ಗಿನ ಜಡೆಯೂ

“ಅಮ್ಮ, ಹಳೆಯದು ಪೂರ್ತಿ ಖಾಲಿಯಾಗದೆ ಹೊಸದಕ್ಕೆ ಜಾಗ ಎಲ್ಲಿಂದ ಬರಬೇಕು?”

ನಂಜುಂಡ ಚಪ್ಪಲಿ ಬಿಡುವ ಮೊದಲೇ ಈ ಪ್ರಶ್ನೆ ಕೇಳಿದ. ಬಸ್ಸಿಳಿದವನು ಓಡುತ್ತಲೇ ಬಂದಿದ್ದ. ಕೊಳಲಿನ ಗುರು ಕಾತ್ಯಾಯಿನಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವನಿಗೆ ಹದಿನೆಂಟು ವರ್ಷ ಪಾಠ ಹೇಳಿದವರು ಅವರು. ಈಗ ಅವನೇ ಐದು ಜನಕ್ಕೆ ಪಾಠ ಹೇಳುತ್ತಾನೆ.

“ಕೂತುಕೋ. ಏನನ್ನು ಖಾಲಿ ಮಾಡಬೇಕು?” ಎಂದರು ಗುರು.

ನಂಜುಂಡ ಕೂರಲಿಲ್ಲ. ನಿಂತೇ ಹೇಳಿದ. ಮೊನ್ನೆ ಅವನು ಒಬ್ಬ ವಿದ್ವಾಂಸರ ಕಛೇರಿ ಕೇಳಿದ್ದ. ಅವರು ಬೆರಳಿಡುವ ಕ್ರಮವೇ ಬೇರೆ. ಅವನಿಗೆ ಇಷ್ಟು ವರ್ಷ ಸಿಗದಿದ್ದ ಗಮಕಗಳು ಅವರ ಕೊಳಲಿನಲ್ಲಿ ನೀರಿನ ಹಾಗೆ ಬಂದವು. ಎರಡು ರಾತ್ರಿ ಅವನಿಗೆ ನಿದ್ದೆ ಬಂದಿಲ್ಲ. ಈಗ ತೀರ್ಮಾನ ಮಾಡಿಯಾಗಿದೆ. ಒಂದು ವರ್ಷ ಕೊಳಲು ಮುಟ್ಟುವುದಿಲ್ಲ. ಹಳೆಯ ಅಭ್ಯಾಸ ಬೆರಳಿನಿಂದ ಪೂರ್ತಿ ಇಳಿದುಹೋಗಬೇಕು. ಆಮೇಲೆ ಹೊಸ ಕ್ರಮವನ್ನು ಮೊದಲಿನಿಂದ ಕಲಿಯುವುದು. ಹೇಳುತ್ತ ಹೇಳುತ್ತ ಅವನು ಚೀಲದಿಂದ ಕೊಳಲು ತೆಗೆದು ಗುರುವಿನ ಮುಂದೆ ಚಾಪೆಯ ಮೇಲೆ ಇಟ್ಟ. ಅದು ಅವರೇ ಕೊಟ್ಟ ಕೊಳಲು.

“ಹೊಸದನ್ನು ಕಲಿಸುವವರು ಯಾರು? ಅವರನ್ನು ಕೇಳಿದೆಯಾ?”

“ಇನ್ನೂ ಇಲ್ಲ ಅಮ್ಮ. ಮೊದಲು ನಾನು ಸಿದ್ಧನಾಗುತ್ತೇನೆ. ಆಮೇಲೆ ಯಾರಾದರೂ ಸಿಗುತ್ತಾರೆ.”

“ಭಾಗೀರಥಿಯ ಕಛೇರಿ ಇರುವುದು ಎಂದು?”

ಭಾಗೀರಥಿ ಅವನ ಶಿಷ್ಯೆ. ಅಂಚೆ ಕಚೇರಿಯಲ್ಲಿ ಕೆಲಸ. ಐವತ್ತೆರಡು ವರ್ಷ. ಮಕ್ಕಳನ್ನೆಲ್ಲ ಒಂದು ದಡ ಸೇರಿಸಿದ ಮೇಲೆ ಕೊಳಲು ಹಿಡಿದವಳು. ಆರು ವರ್ಷದಲ್ಲಿ ಒಂದು ಪಾಠ ತಪ್ಪಿಸಿಲ್ಲ. ಜನರ ಮುಂದೆ ಅವಳು ನುಡಿಸಲಿರುವುದು ಇದೇ ಮೊದಲು.

“ಇನ್ನು ಹದಿನೇಳು ದಿನಕ್ಕೆ,” ಎಂದ ನಂಜುಂಡ. “ಅವರು ಕಾಯುತ್ತಾರೆ ಬಿಡಿ ಅಮ್ಮ. ಒಂದು ವರ್ಷದ ಮಾತು ತಾನೇ.”

ಗುರು ಮೊರವನ್ನು ಪಕ್ಕಕ್ಕೆ ಸರಿಸಿ, ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನ ಹೆಂಡತಿ ಹೂ ಕಟ್ಟುತ್ತಿದ್ದಳು. ಮೊಗ್ಗಿನ ಜಡೆ ಕಟ್ಟುವುದರಲ್ಲಿ ಸುತ್ತಲಿನ ಹತ್ತು ಊರಿಗೆ ಅವಳೊಬ್ಬಳೇ. ಮದುವೆಯಿರಲಿ, ಸೀಮಂತವಿರಲಿ, ದಿನ ಗೊತ್ತಾದ ಕೂಡಲೆ ಜನ ಮೊದಲು ಪುರೋಹಿತರ ಮನೆಗೆ ಹೋಗಿ, ಅಲ್ಲಿಂದ ನೇರ ಅವಳ ಮನೆಗೆ ಬರುತ್ತಿದ್ದರು.

ಮೊಗ್ಗಿನ ಜಡೆಗೆ ಒಂದೇ ಕಟ್ಟಳೆ. ಅದು ಮೊಗ್ಗಾಗಿಯೇ ಇರಬೇಕು. ಬೆಳಕು ಹರಿಯುವ ಮೊದಲು ಕೊಯ್ದ ಮಲ್ಲಿಗೆ ಸಂಜೆಗೆ ಅರಳುತ್ತದೆ. ಸೆಖೆಯಿದ್ದರೆ ಇನ್ನೂ ಬೇಗ. ಅರಳಿದ ಹೂವನ್ನು ಜಡೆಗೆ ಹೊಲಿಯಲು ಹೋದರೆ ಸೂಜಿ ತಾಗಿದಲ್ಲೆಲ್ಲ ಎಸಳು ಉದುರುತ್ತದೆ. ಆದ್ದರಿಂದ ಅವಳ ಕೆಲಸವೆಲ್ಲ ಹೊತ್ತಿನ ಜೊತೆ ಓಟ.

ಅವರ ಮನೆಯಲ್ಲಿ ಒಂದು ಹಳೆಯ ಕಾರಿತ್ತು. ಹೆಂಡತಿಯನ್ನು ಜಡೆ ಕಟ್ಟುವ ಮನೆಗಳಿಗೆ ಕರೆದುಕೊಂಡು ಹೋಗಲೆಂದೇ ಗಡಿಯಾರದವನು ಅದನ್ನು ಕೊಂಡಿದ್ದ. ಕೊಂಡು ಒಂಬತ್ತು ವರ್ಷವಾಗಿತ್ತು. ಈಚೆಗೆ ಎರಡನೇ ಗೇರು ಹಾಕುವಾಗಲೆಲ್ಲ ಅದು ಹಲ್ಲು ಕಡಿಯುತ್ತಿತ್ತು. ಪೇಟೆಯ ಮೆಕ್ಯಾನಿಕ್ ಸದ್ದು ಕೇಳಿ ಹೇಳಿದ, “ಗೇರ್ ಬಾಕ್ಸಿನ ಆಯಿಲ್ ಕೆಟ್ಟು ಹೋಗಿದೆ. ಬದಲಾಯಿಸಿದರೆ ಸರಿಹೋಗುತ್ತೆ. ಬುಧವಾರ ಬಿಟ್ಟು ಹೋಗಿ.”

ಗಡಿಯಾರದವನು ಬಿಟ್ಟುಬರಲಿಲ್ಲ. ಏನು ಮಾಡಬೇಕು ಎಂದು ನಿಂತಲ್ಲೇ ಕೇಳಿ ತಿಳಿದುಕೊಂಡ. ಕೆಲಸ ಸುಲಭವಾಗಿ ಕಂಡಿತು. ಗೇರ್ ಬಾಕ್ಸಿನ ತಳದಲ್ಲಿ ಒಂದು ಬೋಲ್ಟು. ಅದನ್ನು ಬಿಚ್ಚಿದರೆ ಹಳೆಯ ಆಯಿಲ್ ಇಳಿಯುತ್ತದೆ. ಪಕ್ಕದಲ್ಲಿ, ಸ್ವಲ್ಪ ಮೇಲೆ, ಇನ್ನೊಂದು ಬೋಲ್ಟು. ಅದನ್ನು ಬಿಚ್ಚಿ ಹೊಸದನ್ನು ತುಂಬಬೇಕು. ತುಂಬಿದ್ದು ಅದೇ ತೂತಿನ ಅಂಚಿನಿಂದ ಹೊರಗೆ ತೊಟ್ಟಿಕ್ಕಿದರೆ ಸಾಕು, ಅಳತೆ ಸರಿಯಾಯಿತು. ಎರಡು ಬೋಲ್ಟು, ಎರಡೂಕಾಲು ಲೀಟರ್ ಆಯಿಲ್. ಇನ್ನೂರು ಚೂರಿನ ಕೈಗಡಿಯಾರವನ್ನು ಬಿಚ್ಚಿ ಜೋಡಿಸುವವನಿಗೆ ಇದು ಯಾವ ಲೆಕ್ಕ?

ಶನಿವಾರ ಆಯಿಲ್ ಡಬ್ಬಿ ಮನೆಗೆ ಬಂತು. ಮಾರನೆಯ ದಿನ ಭಾನುವಾರ. ಅವನ ಅಂಗಡಿಗೆ ರಜೆ.

ಅದೇ ಭಾನುವಾರ ಹೆಂಡತಿಗೆ ಒಂದು ಸೀಮಂತವಿತ್ತು. ಊರು ಇಪ್ಪತ್ತೆಂಟು ಕಿಲೋಮೀಟರ್ ದೂರ. ಆ ಮನೆಯ ಸೊಸೆ ಎರಡು ಬಾರಿ ಬಸಿರಾಗಿ, ಎರಡು ಬಾರಿಯೂ ಏಳನೆಯ ತಿಂಗಳು ಕಂಡಿರಲಿಲ್ಲ. ಈ ಬಾರಿ ಕಂಡಳು. ಸೀರೆ ಯಾವುದು, ಬಳೆ ಯಾವುದು ಎಂದು ಮನೆಯವರು ಕೇಳಿದಾಗ ಅವಳು ಹೇಳಿದ್ದು ಒಂದೇ ಮಾತು. “ನನಗೆ ಮೊಗ್ಗಿನ ಜಡೆ ಬೇಕು.” ಅಷ್ಟು ಹೇಳಲಿಕ್ಕೆ ಅವಳು ನಾಲ್ಕು ವರ್ಷ ಕಾದಿದ್ದಳು. ಭಾನುವಾರ ನಾಲ್ಕೂವರೆಗೆ ರಾಹುಕಾಲ. ಅಷ್ಟರೊಳಗೆ ಆರತಿ ಮುಗಿಯಬೇಕು. ಜಡೆ ಹೊಲಿಯಲು ಒಂದೂವರೆ ಗಂಟೆ ಬೇಕು. ಮಧ್ಯಾಹ್ನ ಎರಡು ಗಂಟೆಯೊಳಗೆ ಅಲ್ಲಿರುತ್ತೇನೆ ಎಂದು ಹೂ ಕಟ್ಟುವವಳು ಮಾತು ಕೊಟ್ಟಿದ್ದಳು.

ಬೆಳಿಗ್ಗೆ ಅವಳು ನಾನೂರ ಇಪ್ಪತ್ತು ಮೊಗ್ಗು ಆರಿಸಿದಳು. ಒಂದೇ ಗಾತ್ರ, ಒಂದೇ ಬಿಳುಪು. ಬಾಳೆನಾರಿನಲ್ಲಿ ಸಾಲು ಸಾಲಾಗಿ ಪೋಣಿಸಿ, ಬಾಳೆಲೆಯ ಮೇಲೆ ಹರಡಿ, ಒದ್ದೆ ಬಟ್ಟೆ ಹೊದಿಸಿ ಬುಟ್ಟಿಯಲ್ಲಿಟ್ಟಳು. ಹೊರಗೆ ಬಂದು ನೋಡಿದರೆ, ಅಂಗಳದಲ್ಲಿ ಸೈಜುಗಲ್ಲುಗಳ ಮೇಲೆ ಕಾರು ನಿಂತಿತ್ತು.

ಅವನು ನಾಲ್ಕು ಚಕ್ರಗಳನ್ನೂ ಒಂದೇ ಎತ್ತರಕ್ಕೆ ಏರಿಸಿದ್ದ. ಕಾರಿನೊಳಗೆ ತಟ್ಟೆಯಲ್ಲಿ ನೀರಿಟ್ಟು ಮಟ್ಟ ನೋಡಿದ್ದ. ಕೂದಲೆಳೆಯಷ್ಟೂ ವಾಲಿರಲಿಲ್ಲ. ಆಯಿಲ್ ಬಿಸಿಯಾಗಿ ಸಲೀಸಾಗಿ ಇಳಿಯಲೆಂದು ಮೊದಲೇ ಕೆರೆಯವರೆಗೆ ಒಂದು ಸುತ್ತು ಓಡಿಸಿ ತಂದಿದ್ದ. ಕೆಳಗೆ ಗೋಣಿ ಹಾಸಿದ್ದ. ಹೊಸ ವಾಷರನ್ನು ಬಿಳಿಯ ಬಟ್ಟೆಯ ಮೇಲೆ ಇಟ್ಟಿದ್ದ. ಕೆಲಸದಲ್ಲಿ ಅಷ್ಟು ಅಚ್ಚುಕಟ್ಟು.

“ಇವತ್ತೇ ಆಗ್ಬೇಕಾ ರೀ ಇದು?” ಎಂದಳು ಹೆಂಡತಿ.

“ಅರ್ಧ ಗಂಟೆ ಕೆಲಸ ಕಣೇ. ಇವತ್ತು ನಿನ್ನನ್ನ ಬೆಣ್ಣೆ ಮೇಲೆ ಕರ್ಕೊಂಡು ಹೋದ ಹಾಗೆ ಕರ್ಕೊಂಡು ಹೋಗ್ತೀನಿ. ಆ ಕರ್ ಕರ್ ಸದ್ದು ನೀನಿನ್ನು ಕೇಳೋದೇ ಇಲ್ಲ.”

“ಹನ್ನೊಂದೂಕಾಲರ ಬಸ್ಸಿಗೆ ಹೋಗಿಬಿಡ್ತೀನಿ. ನೀವು ನಿಧಾನಕ್ಕೆ ಮಾಡ್ಕೊಳ್ಳಿ.”

“ಬಸ್ಸಿನ ನೂಕಾಟದಲ್ಲಿ ನಿನ್ನ ಮೊಗ್ಗು ಏನಾಗುತ್ತೆ? ಬುಟ್ಟಿ ನೆರಳಲ್ಲಿಡು. ಅವು ಕಾಯ್ತವೆ.”

ಅವನು ಹೇಳಿದ್ದು ಸುಳ್ಳಲ್ಲ. ಬಸ್ಸಿನಲ್ಲಿ ಮೊಗ್ಗು ನಲುಗುತ್ತಿತ್ತು. ಅವಳು ಬುಟ್ಟಿ ಹಿಡಿದು ನೆರಳಿಗೆ ಸರಿದಳು.

ಗಡಿಯಾರದವನು ಕಾರಿನ ಕೆಳಗೆ ನುಸುಳಿ ತಳದ ಬೋಲ್ಟು ತಿರುಗಿಸಿದ. ಅದು ಒಂದೇ ಎಳೆತಕ್ಕೆ ಸಡಿಲವಾಯಿತು. ಕಪ್ಪು ಆಯಿಲ್ ಹಗ್ಗದ ಹಾಗೆ ಕೆಳಗಿಟ್ಟಿದ್ದ ತೊಟ್ಟಿಗೆ ಬಿತ್ತು. ಅವನಿಗೆ ಆದ ಸಂತೋಷ ಹೇಳತೀರದು.

“ಲೇ, ಬಾ ಇಲ್ಲಿ, ನೋಡು. ಇದನ್ನಿಟ್ಟುಕೊಂಡು ಓಡಾಡ್ತಿದ್ವಲ್ಲೇ ನಾವು.”

ಬೋಲ್ಟಿನ ತುದಿಯಲ್ಲಿ ಒಂದು ಅಯಸ್ಕಾಂತವಿತ್ತು. ಒಂಬತ್ತು ವರ್ಷ ಹಲ್ಲಿಗೆ ಹಲ್ಲು ತಿಕ್ಕಿ ಉದುರಿದ ಕಬ್ಬಿಣದ ಪುಡಿ ಅದಕ್ಕೆ ಬೂದು ಕೆಸರಿನಂತೆ ಮೆತ್ತಿಕೊಂಡಿತ್ತು. ಅವನು ಅದನ್ನು ಬೆರಳಿನಿಂದ ಬಳಿದು ಅವಳಿಗೆ ತೋರಿಸಿದ. ಪಕ್ಕದ ಮನೆಯವರನ್ನು ಕರೆದು ತೋರಿಸಿದ. ದಾರಿಯಲ್ಲಿ ಹೋಗುತ್ತಿದ್ದ ಹಾಲಿನವನನ್ನೂ ನಿಲ್ಲಿಸಿ ತೋರಿಸಿದ. ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. ಕೊನೆಯ ತೊಟ್ಟು ಇಳಿಯುವವರೆಗೆ ಅವನು ಕಾದ. ಬೋಲ್ಟನ್ನು ಕನ್ನಡಿಯ ಹಾಗೆ ಒರೆಸಿದ. ಹೊಸ ವಾಷರ್ ಹಾಕಿ, ಬಿಗಿಯಾಗಿ ಕೂರಿಸಿದ.

ಹನ್ನೊಂದೂಕಾಲರ ಬಸ್ಸು ಮನೆಯ ಮುಂದೆಯೇ ಹಾದುಹೋಯಿತು. ಹೆಂಡತಿ ಅದನ್ನು ನೋಡಿದಳು. ಅವನು ನೋಡಲಿಲ್ಲ.

ಆಮೇಲೆ ಅವನು ಪಕ್ಕದ ಬೋಲ್ಟಿಗೆ ಸ್ಪ್ಯಾನರ್ ಹಾಕಿದ.

ಅದು ಅಲುಗಲಿಲ್ಲ.

ತಳದ ಬೋಲ್ಟಿಗೆ ಒಳಗಿನ ಆಯಿಲ್ ಸದಾ ತಾಗುತ್ತಿತ್ತು. ಪಕ್ಕದ್ದಕ್ಕೆ ಹೊರಗಿನ ಕೆಸರು ಮಾತ್ರ ತಾಗಿತ್ತು. ಒಂಬತ್ತು ವರ್ಷದಲ್ಲಿ ಯಾರೂ ಅದನ್ನು ಮುಟ್ಟಿರಲಿಲ್ಲ. ತುಕ್ಕು ಹಿಡಿದು ಗೇರ್ ಬಾಕ್ಸಿನೊಂದಿಗೆ ಒಂದೇ ಲೋಹವಾದಂತಿತ್ತು. ಅವನು ಸೀಮೆಎಣ್ಣೆ ಹಾಕಿದ. ಸುತ್ತಿಗೆಯಿಂದ ಬಡಿದ. ಎರಡೂ ಕಾಲನ್ನು ಚಕ್ರಕ್ಕೆ ಒತ್ತಿ ಎಳೆದ. ಸ್ಪ್ಯಾನರ್ ಜಾರಿತು. ಬೋಲ್ಟಿನ ಮೂಲೆಗಳು ಸವೆದು ಉರುಟಾದವು. ಅವನ ಬೆರಳಿನ ಗಂಟು ಸುಲಿಯಿತು.

ಹನ್ನೆರಡಾಯಿತು. ಹನ್ನೆರಡೂವರೆಯಾಯಿತು. ಹೆಂಡತಿ ಬಟ್ಟೆಗೆ ಮತ್ತೆ ನೀರು ಚಿಮುಕಿಸಿದಳು.

“ಹೊಸದು ಇನ್ನೊಂದಿನ ಹಾಕಿ ರೀ,” ಎಂದಳು. “ಆ ಹಳೇದನ್ನೇ ವಾಪಸ್ ಸುರೀರಿ. ಹೋಗಿ ಬಂದುಬಿಡೋಣ.”

ಅವನು ಕಾರಿನ ಕೆಳಗಿನಿಂದ ಮುಖ ಹೊರಗೆ ಹಾಕಿದ. ಮುಖದ ತುಂಬ ಮಸಿ.

“ಹಳೇದು ಹಾಕೋಕೂ ಇದೇ ದಾರಿ ಕಣೇ,” ಎಂದ.

ಹಳೆಯದು ತೊಟ್ಟಿಯಲ್ಲಿತ್ತು. ಹೊಸದು ಡಬ್ಬಿಯಲ್ಲಿತ್ತು. ಗೇರ್ ಬಾಕ್ಸಿನೊಳಗೆ ಏನೂ ಇರಲಿಲ್ಲ. ಹಾಗೇ ಓಡಿಸಿದರೆ ಒಳಗಿನ ಹಲ್ಲುಗಳು ಒಂದನ್ನೊಂದು ತಿಂದುಹಾಕುತ್ತವೆ. ಊರಿನಲ್ಲಿದ್ದ ಎರಡು ಆಟೋಗಳೂ ಬೆಳಿಗ್ಗೆಯೇ ಸಂತೆಗೆ ಹೋಗಿದ್ದವು. ಮುಂದಿನ ಬಸ್ಸು ನಾಲ್ಕು ಗಂಟೆಗೆ.

ಗಡಿಯಾರದವನು ಮಾಡಿದ ತಪ್ಪು ಗಡಿಯಾರದವನು ಮಾತ್ರ ಮಾಡುವಂಥದ್ದು. ಗಡಿಯಾರವನ್ನು ಬಿಚ್ಚಿ, ಚೂರುಗಳನ್ನು ಬಟ್ಟಲಿಗೆ ಹಾಕಿ, ಮೇಲೆ ಗಾಜು ಮುಚ್ಚಿಟ್ಟರೆ ಅದು ಒಂದು ವಾರ ಕಾಯುತ್ತದೆ. ಒಂದು ತಿಂಗಳೂ ಕಾಯುತ್ತದೆ. ಎಲ್ಲೋ ಒಂದು ತಿರುಪು ಕಚ್ಚಿಕೊಂಡರೆ ನಾಳೆ ನೋಡಿದರಾಯಿತು. ನಿಂತ ಗಡಿಯಾರದೊಳಗೆ ಹೊತ್ತೂ ನಿಂತಿರುತ್ತದೆ. ಮೂವತ್ತು ವರ್ಷ ಅವನು ಅದೇ ಮೇಜಿನ ಮುಂದೆ ಕೂತಿದ್ದ.

ಒಂದೂವರೆಯ ಹೊತ್ತಿಗೆ ಹಿಂದಿನ ಬೀದಿಯ ಮುದುಕನೊಬ್ಬ ಬಂದ. ಅವನು ಒಂದು ಕಾಲದಲ್ಲಿ ಲಾರಿ ಓಡಿಸಿದವನು. ಸುತ್ತಿಗೆಯ ಸದ್ದು ಕೇಳಿ ಬಂದಿದ್ದ. ಬಗ್ಗಿ ನೋಡಿದ. ತೊಟ್ಟಿಯನ್ನು ನೋಡಿದ. ನಕ್ಕ.

“ಏನ್ ಗಡಿಯಾರದೋರೇ, ಹೊಟ್ಟೆ ಬರಿದು ಮಾಡಿ ಆಮೇಲೆ ಬಾಯಿ ಹುಡುಕ್ತಾ ಇದೀರಲ್ಲ. ಮೊದಲು ಮೇಲಿನದು ಬಿಚ್ಚುತ್ತೋ ಇಲ್ವೋ ನೋಡೋದಲ್ವಾ? ಬಿಚ್ಚಲಿಲ್ಲ ಅಂದ್ರೆ ಕೆಳಗಿನದನ್ನ ಮುಟ್ಟಬಾರದು. ಲಾರಿ ಕ್ಲೀನರಿಗೆ ಮೊದಲನೇ ದಿನ ಹೇಳಿಕೊಡೋ ಪಾಠ ಇದು.”

“ನೀವು ಬೆಳಿಗ್ಗೆ ಯಾಕೆ ಬರಲಿಲ್ಲ ತಾತ?” ಎಂದ ಗಡಿಯಾರದವನು.

“ಬೆಳಿಗ್ಗೆ ನೀವೆಲ್ಲಿ ಕರೆದ್ರಿ? ಆ ಮಸಿ ತೋರಿಸೋಕೆ ಹಾಲಿನವನನ್ನ ಕರೆದ್ರಂತೆ.”

ಮುದುಕ ಮನೆಗೆ ಹೋಗಿ ಒಂದು ಪೈಪ್ ರೆಂಚು, ಎರಡು ಮೊಳ ಉದ್ದದ ಕಬ್ಬಿಣದ ಕೊಳವೆ ತಂದ. ಬೋಲ್ಟಿನ ಸುತ್ತ ಸಣ್ಣಗೆ ಬಡಿಯುತ್ತ ಸೀಮೆಎಣ್ಣೆ ಕುಡಿಸಿದ. ಕಾಯಿಸಿದ. ಮತ್ತೆ ಕುಡಿಸಿದ. ರೆಂಚಿನ ಹಿಡಿಗೆ ಕೊಳವೆ ಸಿಕ್ಕಿಸಿ ಇಬ್ಬರೂ ಎಳೆದರು. ಎರಡೂ ಇಪ್ಪತ್ತಕ್ಕೆ ಬೋಲ್ಟು ಕಿರ್ ಎಂದು ಕೂಗಿ ಸಡಿಲವಾಯಿತು.

ಗಡಿಯಾರದವನು ಚಪ್ಪಾಳೆ ತಟ್ಟಿದ. ಲಾಳಿಕೆಗೆ ರಬ್ಬರ್ ಕೊಳವೆ ಕಟ್ಟಿ ಹೊಸ ಆಯಿಲ್ ಸುರಿದ. ಜೇನಿನ ಬಣ್ಣ. ಅದು ಅಂಚಿನವರೆಗೆ ತುಂಬಿ, ಒಂದು ತೊಟ್ಟು ಹೊರಗೆ ಬಂತು. ಇನ್ನೊಂದು ತೊಟ್ಟು ಬಂತು. ಅವನು ಆ ತೊಟ್ಟನ್ನು ಬೆರಳಿನಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದ. ಬೋಲ್ಟು ಬಿಗಿದ. ಕಲ್ಲುಗಳಿಂದ ಕಾರು ಇಳಿಸಿದ. ಕೈ ತೊಳೆಯಲೂ ನಿಲ್ಲದೆ ಹೆಂಡತಿಯನ್ನು ಕೂರಿಸಿಕೊಂಡು ಹೊರಟ. ಆಗ ಮೂರು ಗಂಟೆ.

ಎರಡನೇ ಗೇರು ಸದ್ದಿಲ್ಲದೆ ಬಿತ್ತು. ಮೂರನೆಯದೂ ಹಾಗೆಯೇ. ಅವನು ಬೇಕೆಂದೇ ಮತ್ತೆ ಎರಡಕ್ಕೆ ಇಳಿಸಿ, ಮತ್ತೆ ಮೂರಕ್ಕೆ ಏರಿಸಿದ.

“ನೋಡಿದೆಯೇನೇ? ಬೆಣ್ಣೆ ಅಂದಿದ್ದೆನಲ್ಲ.”

ಹೆಂಡತಿ ಬುಟ್ಟಿಯ ಬಟ್ಟೆ ಎತ್ತಿ ನೋಡಿದಳು. ಮತ್ತೆ ಮುಚ್ಚಿದಳು.

ಅವರು ತಲುಪಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಒಳಗೆ ಆರತಿಯ ತಟ್ಟೆ ಸಿದ್ಧವಾಗಿತ್ತು. ಪುರೋಹಿತರು ಹೊತ್ತು ನೋಡಿ ನೋಡಿ ಸಾಕಾಗಿ, ಇನ್ನು ಕಾಯಲಾಗದು ಎಂದಿದ್ದರು. ಸೊಸೆ ಮಣೆಯ ಮೇಲೆ ಕೂತಿದ್ದಳು. ಅತ್ತೆ ಅವಳ ಹೆರಳಿಗೆ ಹಿತ್ತಲಿನ ಕನಕಾಂಬರ ಮುಡಿಸಿದ್ದರು. ಹೂ ಕಟ್ಟುವವಳು ಬುಟ್ಟಿಯನ್ನು ಮಣೆಯ ಪಕ್ಕ ಇಟ್ಟು ಬಟ್ಟೆ ತೆಗೆದಳು. ಮನೆಯೆಲ್ಲ ಘಮ್ಮೆಂದಿತು. ನಾನೂರ ಇಪ್ಪತ್ತೂ ಬಾಯಿ ಬಿಟ್ಟಿದ್ದವು.

ಸೊಸೆ ಬುಟ್ಟಿಯೊಳಗೆ ಕೈಯಾಡಿಸಿದಳು.

“ಇರಲಿ ಬಿಡಿ ಅಕ್ಕ,” ಎಂದಳು. “ಪರಿಮಳ ಎಷ್ಟು ಚೆನ್ನಾಗಿದೆ.” ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ಹೂ ಕಟ್ಟುವವಳು ಅವಳ ಬೆನ್ನ ಹಿಂದೆ ಕೂತು, ಕನಕಾಂಬರದ ಮೇಲೆ ಕೈಗೆ ಸಿಕ್ಕಷ್ಟು ಮಲ್ಲಿಗೆ ಸುತ್ತಿದಳು. ಎಸಳುಗಳು ಮಣೆಯ ಮೇಲೆ ಉದುರಿದವು. ಆರತಿಯಾಯಿತು.

ಹೊರಗೆ ಚಪ್ಪರದ ಕೆಳಗೆ ಗಂಡಸರು ಕಾರಿನ ಸುತ್ತ ಸೇರಿದ್ದರು. ಗಡಿಯಾರದವನು ಬಾಗಿಲು ತೆಗೆದು ಒಬ್ಬೊಬ್ಬರನ್ನೇ ಒಳಗೆ ಕೂರಿಸಿ, ಗೇರ್ ಹಾಕಿ ನೋಡಿ ಎನ್ನುತ್ತಿದ್ದ. ಮನೆಯಲ್ಲೇ ಮಾಡಿದ್ದು, ಮೆಕ್ಯಾನಿಕ್ ಕೈ ಸೋಕಿಲ್ಲ ಎನ್ನುತ್ತಿದ್ದ. ಮೊದಲು ಮೇಲಿನ ಬೋಲ್ಟು, ಆಮೇಲೆ ಕೆಳಗಿನದು, ಇದೊಂದನ್ನು ಮರೆಯಬೇಡಿ ಎಂದು ಎಲ್ಲರಿಗೂ ಹೇಳಿಕೊಡುತ್ತಿದ್ದ.

ಗುರು ಕತೆ ನಿಲ್ಲಿಸಿದರು. ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡರು.

ನಂಜುಂಡ ಯಾವಾಗಲೋ ಕೂತುಬಿಟ್ಟಿದ್ದ. ಅವನ ಕಣ್ಣು ಹೊಳೆಯುತ್ತಿತ್ತು.

“ತಿಳಿಯಿತು ಅಮ್ಮ,” ಎಂದ. “ಸ್ಪಷ್ಟವಾಗಿ ತಿಳಿಯಿತು. ನಾನು ಕೆಳಗಿನ ಬೋಲ್ಟು ಬಿಚ್ಚಲು ಹೊರಟಿದ್ದೆ. ಹೊಸದು ಬರುವ ದಾರಿ ತೆರೆಯುತ್ತದೆಯೇ ಎಂದು ನೋಡಿಯೇ ಇರಲಿಲ್ಲ. ಮೊದಲು ಆ ವಿದ್ವಾಂಸರನ್ನು ಕಂಡು ಕೇಳುತ್ತೇನೆ. ಅವರು ಒಪ್ಪಿದ ಮೇಲೆಯೇ ಹಳೆಯದನ್ನು ಇಳಿಸುತ್ತೇನೆ. ಇವತ್ತೇ ಹೊರಡುತ್ತೇನೆ. ನಾಲ್ಕರ ರೈಲು ಸಿಕ್ಕರೆ ನಾಳೆ ಬೆಳಿಗ್ಗೆ ಅವರ ಮನೆಯಲ್ಲಿರುತ್ತೇನೆ.”

ಅವನು ಎದ್ದು ನಿಂತಿದ್ದ. ಒಂದು ಕಾಲು ಆಗಲೇ ಚಪ್ಪಲಿಯಲ್ಲಿತ್ತು. ಚಾಪೆಯ ಮೇಲಿನ ಕೊಳಲು ಇಟ್ಟಲ್ಲೇ ಇತ್ತು.

ಗುರು ಅವರೆಕಾಯಿಯ ಸಿಪ್ಪೆ ಬಿಡಿಸುತ್ತ, ತಲೆಯೆತ್ತದೆ ಹೇಳಿದರು:

“ಅಷ್ಟನ್ನು ಆ ಗಡಿಯಾರದವನೂ ಕಲಿತ, ಬುಟ್ಟಿ ಹಿಡಿದು ಕಾದವಳನ್ನು ಮಾತ್ರ ನೋಡಲಿಲ್ಲ; ಇವತ್ತು ಸಂಜೆ ಭಾಗೀರಥಿ ಪಾಠಕ್ಕೆ ಬಂದಾಗ ಅವಳ ಕೈಯಲ್ಲೂ ಅಂಥ ಬುಟ್ಟಿ ಇದೆಯೇ ನೋಡು.”